ಲಿಫ್ಟಣ್ಣ ಕೆಂಪು ಕಾರು ನೋಡಲು ಹೋದದ್ದು

ಲಿಫ್ಟಣ್ಣನ ಮನಸ್ಸು ಒಂದು ಸ್ಪೋರ್ಟ್ಸ್ ಕಾರಿನ ಮೇಲೆ ಬಿದ್ದಿದೆ ಎಂದು ಯಾರಾದರೂ ಹೇಳಿದ್ದರೆ ಆ ಬೀದಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಮನುಷ್ಯ ನೋಡಲು ಅಂಥವನಲ್ಲ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಜೇಬಿನಲ್ಲಿ ಟಾರ್ಚು, ಕಾಲಿಗೆ ದಪ್ಪ ಅಟ್ಟೆಯ ಬೂಟು, ತಲೆಯಲ್ಲಿ ಸದಾ ಒಂದು ಅನುಮಾನ. ಇಂಥವನಿಗೂ, ಚಾವಣಿ ಮಡಚಿ ಹಿಂದಕ್ಕೆ ಸರಿಸಿ ಗಾಳಿಗೆ ಮುಖವೊಡ್ಡಿ ಓಡಿಸುವ ಎರಡೇ ಸೀಟಿನ ಕಾರಿಗೂ ಎಲ್ಲಿಂದೆಲ್ಲಿಯ ಸಂಬಂಧ? ಆದರೆ ಆಸೆ ಮುಖ ನೋಡಿ ಮಣೆ ಹಾಕುವುದಿಲ್ಲವಲ್ಲ. ಐವತ್ತು ದಾಟಿದ ಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಊರಿನ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟರೆ ಕರೆ ಬರುತ್ತಿದ್ದುದು ಅವನಿಗೇ. ಆಸ್ಪತ್ರೆಯ ಅಗಲವಾದ ಲಿಫ್ಟು, ಹಳೆಯ ಆಫೀಸಿನ ಜಾಲರಿ ಬಾಗಿಲಿನದು, ಅಪಾರ್ಟ್‌ಮೆಂಟುಗಳ ಕನ್ನಡಿ ಹಾಕಿದ ಹೊಸವು, ಎಲ್ಲವೂ ಅವನ ಕೈಯಲ್ಲಿ ಪಳಗಿದವು. ಯಾರಾದರೂ ನಡುವೆ ಸಿಕ್ಕಿಹಾಕಿಕೊಂಡರೆ ಲಿಫ್ಟಣ್ಣ ಸಲಕರಣೆಯ ಚೀಲ ಬಿಚ್ಚುವ ಮೊದಲು ಬಾಗಿಲ ಸಂದಿಗೆ ಬಾಯಿಟ್ಟು ಮಾತಾಡುತ್ತಿದ್ದ. ‘ಊಟ ಆಯ್ತಾ? ಯಾವ ಮನೆಯೋರು? ಮಗಳಿಗೆ ಪರೀಕ್ಷೆ ಮುಗೀತಾ?’ ಒಳಗಿದ್ದವರು ಉತ್ತರ ಹೇಳುತ್ತಾ ಹೇಳುತ್ತಾ ಹೆದರುವುದನ್ನು ಮರೆತುಬಿಡುತ್ತಿದ್ದರು. ಹೊರಗೆ ಬಂದ ಮೇಲೆ ಅವನ ಕೈ ಹಿಡಿದು ಅತ್ತವರೂ ಇದ್ದಾರೆ. ನಂಬಿಕೆ ಎಂಬ ಪದಕ್ಕೆ ಕೈಕಾಲು ಬಂದರೆ ಅದು ಲಿಫ್ಟಣ್ಣನ ಹಾಗೆ ನಡೆಯುತ್ತದೆ ಎಂದು ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆ ಅಲ್ಲ.

ಆ ನಂಬಿಕೆಯ ಗುಟ್ಟು ಒಂದೇ ಒಂದು ಮಾತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಸ್ತ್ರಿ ಕಲಿಸಿದ್ದು: ಅನುಮಾನ ಬಂದರೆ ಮೊದಲು ಮೇನ್ ಆಫ್. ಯೋಚನೆ ಆಮೇಲೆ, ಚರ್ಚೆ ಆಮೇಲೆ, ಮೇಲಿನವರಿಗೆ ಫೋನು ಆಮೇಲೆ. ಒಂದು ಸದ್ದು ಹೆಚ್ಚಾದರೂ ಸರಿ, ಒಂದು ಸದ್ದು ಕಡಿಮೆಯಾದರೂ ಸರಿ, ಕೈ ನೇರ ಮೇನ್ ಸ್ವಿಚ್ಚಿಗೆ ಹೋಗಬೇಕು. ಈ ಮಾತನ್ನು ಹಗುರವಾಗಿ ತೆಗೆದುಕೊಂಡ ಜೊತೆಗಾರನೊಬ್ಬ ಎರಡು ಬೆರಳು ಕಳೆದುಕೊಂಡದ್ದನ್ನು ಲಿಫ್ಟಣ್ಣ ಕಣ್ಣಾರೆ ಕಂಡಿದ್ದ. ಅಂದಿನಿಂದ ಆ ಮಾತು ತಲೆಯಿಂದ ಇಳಿದು ಕೈಗೇ ಸೇರಿಕೊಂಡಿತ್ತು. ಲಿಫ್ಟಿನ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ, ಒಪ್ಪಿಕೊಳ್ಳೋಣ. ಆದರೆ ಲೋಕವೆಲ್ಲ ಲಿಫ್ಟಲ್ಲ.

ಇನ್ನು ಆಸೆ ಹುಟ್ಟಿದ್ದು ಹೇಗೆ ಎಂದರೆ, ಕಟ್ಟಡದ ತುತ್ತತುದಿಯಲ್ಲಿ ಲಿಫ್ಟಿನ ಮೋಟಾರು ಇಡುವ ಒಂದು ಕೋಣೆ ಇರುತ್ತದೆ. ಗ್ರೀಸು, ಧೂಳು, ಪಾರಿವಾಳದ ಹಿಕ್ಕೆ. ಅದರ ಬಾಗಿಲು ತೆಗೆದರೆ ತಾರಸಿ. ಒಂದು ಮಧ್ಯಾಹ್ನ ಅಲ್ಲಿ ಕೂತು ಬುತ್ತಿ ಬಿಚ್ಚಿದಾಗ ದೂರದಲ್ಲಿ, ಊರ ಹೊರಗಿನ ತಿರುವುಗಳ ರಸ್ತೆಯಲ್ಲಿ, ಚಾವಣಿ ತೆರೆದ ಒಂದು ಪುಟ್ಟ ಕಾರು ಹೋಗುತ್ತಿತ್ತು. ಒಂದು ತಿರುವಿನಿಂದ ಇನ್ನೊಂದಕ್ಕೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿಕೊಂಡು ಹೋಯಿತು. ಲಿಫ್ಟಣ್ಣ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಕೂತ. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ: “ಜೀವಮಾನ ಎಲ್ಲಾ ಓಡಾಡಿದ್ದೀನಿ ಕಣೇ. ಬರೀ ಮೇಲಕ್ಕೆ, ಕೆಳಕ್ಕೆ. ಒಂದು ತಿರುವು ನೋಡಿಲ್ಲ.”

ಹೆಂಡತಿ ಬಟ್ಟೆ ಸರಿಮಾಡಿಕೊಡುವ ಅಂಗಡಿ ಇಟ್ಟಿದ್ದಳು. ದೊಗಲೆಯಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಹರಿದ ಜಾಗ ಗೊತ್ತಾಗದಂತೆ ಹೊಲಿಯುವುದು. ಸಿದ್ಧವಾದ ಬಟ್ಟೆಗಳನ್ನು ಅಂಗಡಿಯ ಹಳೆಯ ವ್ಯಾನಿನಲ್ಲಿ ತುಂಬಿಕೊಂಡು ಮನೆಮನೆಗೆ ತಲುಪಿಸುತ್ತಿದ್ದವಳೂ ಅವಳೇ. ಗಂಡನ ಮಾತು ಕೇಳಿ ಅವಳು ನಗಲಿಲ್ಲ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, “ಹಾಗಾದ್ರೆ ಒಂದು ಹಳೇದು ನೋಡೋಣ. ಹೊಸದು ನಮ್ಮ ಕೈಗೆ ಎಟಕಲ್ಲ. ನಂಗೂ ಆಸೆ ಇದೆ ರೀ,” ಎಂದಳು.

ನೋಡೋಣ ಎಂದದ್ದೇ ತಪ್ಪಾಯಿತು. ಲಿಫ್ಟಣ್ಣ ನೋಡಲು ಶುರುಮಾಡಿದ, ನೋಡುತ್ತಲೇ ಹೋದ. ಮೊದಲನೆಯ ಕಾರಿನ ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ತಣ್ಣಗಿದ್ದಾಗ ಎಂಜಿನ್ ಹತ್ತಲು ಸತಾಯಿಸುತ್ತದೆ ಎಂದು ಮಾಲೀಕ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದ. ಇನ್ನೊಂದರ ಆಯಿಲ್ ಮುಚ್ಚಳದ ಕೆಳಗೆ ಬಿಳಿ ನೊರೆ, ಎಂಜಿನ್ನಿಗೆ ನೀರು ಸೇರಿದ ಗುರುತು. ಇವೆರಡನ್ನೂ ಬಿಟ್ಟದ್ದು ಸರಿಯೇ. ಆದರೆ ಮತ್ತೊಂದನ್ನು ಬಿಟ್ಟದ್ದು ಹಾರ್ನ್ ಸದ್ದು ಸ್ವಲ್ಪ ಒಡಕು ಎಂದು. ಇನ್ನೊಂದನ್ನು ಬಿಟ್ಟ ಕಾರಣ ಕೇಳಿದರೆ ನೀವು ಕೈ ಮುಗಿಯುತ್ತೀರಿ: ಅದರಲ್ಲಿ ಒಂದೂ ದೋಷ ಸಿಗಲಿಲ್ಲ! ‘ಇಷ್ಟು ಚೆನ್ನಾಗಿದ್ರೆ ಮಾರೋದ್ಯಾಕೆ’ ಎಂದು ಅನುಮಾನಪಟ್ಟು ತಿರುಗಿ ನೋಡದೆ ಬಂದ.

“ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದ್ದೀನಿ. ಕಲ್ಲು ಸಿಗಲಿಲ್ಲ ಅಂತ ಮೊಸರೇ ಚೆಲ್ಲೋರನ್ನ ಇವತ್ತೇ ನೋಡಿದ್ದು,” ಎಂದು ಹೆಂಡತಿ ಅಂದು ಊಟ ಬಡಿಸುತ್ತಾ ಹೇಳಿದಳು.

ಇವರಿಬ್ಬರ ನಡುವೆ ಬಾಮೈದ ಬೇರೆ. ಹೆಂಡತಿಯ ತಮ್ಮ ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ಅಂಗಡಿಯಲ್ಲಿ ಸೇಲ್ಸ್‌ಮ್ಯಾನು. ಅವನಿಗೆ ಪ್ರಪಂಚದಲ್ಲಿ ವಾರಂಟಿ ಇರುವ ವಸ್ತು, ವಾರಂಟಿ ಇಲ್ಲದ ವಸ್ತು ಎಂದು ಎರಡೇ ಜಾತಿ. “ಭಾವ, ಆ ಜಾತಿ ಕಾರಿಗೆ ಹತ್ತು ವರ್ಷ ಆದ್ಮೇಲೆ ಚಾವಣಿ ಸೋರುತ್ತಂತೆ. ಬಿಡಿಭಾಗ ಸಿಗಲ್ವಂತೆ. ಟ್ರಾಫಿಕ್ಕಲ್ಲಿ ಎಂಜಿನ್ ಕಾದುಬಿಡುತ್ತಂತೆ. ಸುಮ್ನೆ ಹೊಸದೊಂದು ಬಿಳಿ ಕಾರು ತಗೊಳ್ಳಿ. ಐದು ಜನ ಕೂರಬಹುದು, ಐದು ವರ್ಷ ತಿರುಗಿ ನೋಡೋ ಹಾಗಿಲ್ಲ.”

“ನಾವಿರೋದೇ ಇಬ್ಬರು. ಇನ್ನು ಮೂರು ಜನ ಯಾರೋ?” ಎಂದು ಅಕ್ಕ ಕೇಳಿದಳು.

“ಇರಲಿ ಅಕ್ಕಾ, ಯಾರಾದ್ರೂ ಬರ್ತಾರೆ,” ಎಂದ ಅವನು. ಆಗಲೇ ಭಾವನ ಹೆಸರಿನಲ್ಲಿ ಒಂದು ಬಿಳಿ ಕಾರನ್ನು ಕಾದಿರಿಸಿ ಬಂದಿದ್ದ. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಹೆಂಡತಿಗೂ ಸಾಕಾಗಿತ್ತು. ಆ ಶುಕ್ರವಾರ ಕತ್ತರಿ ಕೆಳಗಿಟ್ಟು ತೀರ್ಪು ಕೊಟ್ಟಳು: “ಹಲ್ಲಿನ ಡಾಕ್ಟರಮ್ಮನ ಕೆಂಪು ಕಾರು ಮಾರಾಟಕ್ಕಿದೆ. ಭಾನುವಾರ ಹೋಗಿ ನೋಡೋಣ. ನಾನೂ ಬರ್ತೀನಿ. ಇದೇ ಕೊನೇದು. ಇದನ್ನೂ ಬೇಡ ಅಂದ್ರೆ ಸೋಮವಾರ ಬಿಳಿ ಕಾರು. ಆಮೇಲೆ ಈ ಮನೇಲಿ ಕೆಂಪು ಕಾರಿನ ಸುದ್ದಿ ಎತ್ತಬಾರದು. ತಿರುವು ಗಿರುವು ಅಂತ ನಿಟ್ಟುಸಿರು ಬಿಡಬಾರದು.”

ಲಿಫ್ಟಣ್ಣ ಒಪ್ಪಿದ. ಒಪ್ಪದೆ ಮಾಡುವುದೇನು?

ಡಾಕ್ಟರಮ್ಮ ಕಾರು ಮಾರುತ್ತಿದ್ದ ಕಾರಣದಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬಾಗಿಲು ತೆರೆದು ಸೊಂಟದ ಮೇಲೆ ಕೈಯಿಟ್ಟುಕೊಂಡೇ ಬಂದರು. “ಬೇರೆಯವರ ಬಾಯೊಳಗೆ ಬಗ್ಗಿ ಬಗ್ಗಿ ನನ್ನ ಬೆನ್ನು ಹೋಯ್ತು ನೋಡಿ. ಈ ಕಾರಲ್ಲಿ ಕೂರೋದು ಸುಲಭ, ಏಳೋಕೆ ಇಬ್ಬರು ಬೇಕು. ನೀವು ಹೇಳಿದ ಹಾಗೆ ಬೆಳಗ್ಗೆಯಿಂದ ಸ್ಟಾರ್ಟ್ ಮಾಡಿಲ್ಲ.”

ಶೆಡ್ಡಿನಲ್ಲಿ ಕಾರು ನಿಂತಿತ್ತು. ಹಳೆಯದೇ. ಮುಂದಿನ ಬಂಪರಿನ ಬಣ್ಣ ಸಣ್ಣ ಕಲ್ಲುಗಳ ಏಟಿಗೆ ಅಲ್ಲಲ್ಲಿ ಎದ್ದಿತ್ತು. ಡ್ರೈವರ್ ಸೀಟಿನ ಒಂದು ಅಂಚು ಸವೆದಿತ್ತು, ಸ್ಟಿಯರಿಂಗಿನ ಚರ್ಮ ಹಿಡಿದು ಹಿಡಿದು ನುಣುಪಾಗಿತ್ತು. ಓಡಿಸಿದ ಕಾರು, ಬಚ್ಚಿಟ್ಟದ್ದಲ್ಲ. ಲಿಫ್ಟಣ್ಣ ಬಾನೆಟ್ ಮುಟ್ಟಿ ನೋಡಿದ, ತಣ್ಣಗಿತ್ತು. ಕೀ ತಿರುಗಿಸಿದರೆ ಒಂದೇ ಗುಟುರಿಗೆ ಎದ್ದಿತು. ಮಂಡಿಯೂರಿ ಟಾರ್ಚು ಹಿಡಿದು ಕೆಳಗೆ ನೋಡಿದ, ಹೊಗೆ ಮೂಸಿದ, ರೇಡಿಯೇಟರಿನ ನೀರಿನ ಬಣ್ಣ ನೋಡಿದ, ಕಿವಿಗೊಟ್ಟು ಕೇಳಿದ. ಹೆಂಡತಿ ತನ್ನದೇ ರೀತಿಯಲ್ಲಿ ಪರೀಕ್ಷೆ ಮಾಡಿದಳು. ಕೊಳ್ಳುವ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ನೋಡುವವಳು, ಚಾವಣಿಯ ಬಟ್ಟೆಯನ್ನು ಅರ್ಧ ಮಡಚಿ ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಇದನ್ನ ಯಾರೋ ಮರುಹೊಲಿಗೆ ಹಾಕಿದ್ದಾರೆ. ಕೆಲಸ ಬಲ್ಲೋರು. ಇಲ್ಲಿ ನೀರು ಇಳಿಯಲ್ಲ,” ಎಂದು ಹೇಳಿ ಕಾರ್ಪೆಟ್ಟಿನ ಮೂಲೆ ಎತ್ತಿ ಹಿಸುಕಿದಳು. ಒಣಗಿತ್ತು.

“ಬೇಕಾದ್ರೆ ಗ್ಯಾರೇಜಿಗೆ ತಗೊಂಡು ಹೋಗಿ ತೋರಿಸಿ. ಸಂಜೆವರೆಗೆ ಇಟ್ಕೊಳ್ಳಿ. ನಾನು ಒಂದಿಷ್ಟು ಹೊತ್ತು ಮಲಗ್ತೀನಿ,” ಎಂದು ಡಾಕ್ಟರಮ್ಮ ಕೀ ಕೊಟ್ಟರು.

ಗ್ಯಾರೇಜು ನಡೆಸುತ್ತಿದ್ದುದು ಒಬ್ಬ ಗಟ್ಟಿ ಹೆಂಗಸು. ಹಣೆಯ ಮೇಲೆ ಕನ್ನಡಕ, ಮೊಣಕೈವರೆಗೆ ಮಸಿ. ಎಲ್ಲರೂ ಕರೆಯುವುದು ಗ್ಯಾರೇಜಮ್ಮ ಎಂದು. ಭಾನುವಾರ ಬಾಗಿಲು ತೆಗೆಸಿದರೆಂದು ಮೊದಲು ಗೊಣಗಿದಳು. ಕಾರು ನೋಡಿದ ಮೇಲೆ ಗೊಣಗುವುದನ್ನು ಮರೆತಳು. ಅದನ್ನು ಮೇಲೆತ್ತಿ, ಚಕ್ರಗಳನ್ನು ಅಲುಗಾಡಿಸಿ, ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ಕುಟ್ಟಿ ನೋಡಿದಳು.

“ತುಕ್ಕು ಹಿಡಿದಿಲ್ಲ. ಎಲ್ಲೂ ಗುದ್ದಿಲ್ಲ. ಎಂಜಿನ್ ಗಟ್ಟಿ. ಟೈರು ಸವೆದಿಲ್ಲ, ಆದ್ರೆ ಮುದಿಯಾಗಿದೆ, ಬದಲಾಯಿಸಿ. ತಣ್ಣಗಿದ್ದಾಗ ಎರಡನೇ ಗೇರು ಸ್ವಲ್ಪ ಬಿಗುಮಾನ ಮಾಡುತ್ತೆ, ಮೆತ್ತಗೆ ಹಾಕಿ. ಬಿಸಿಯಾದಾಗ ಆಫ್ ಮಾಡಿದ್ರೆ ತಕ್ಷಣ ಹತ್ತಲ್ಲ, ಈ ಮಾಡೆಲ್ಲಿನ ಹುಟ್ಟುಗುಣ, ಸುಟ್ರೂ ಹೋಗಲ್ಲ. ತಣ್ಣಗಾದ್ರೆ ಸರಿಹೋಗುತ್ತೆ.”

“ನಂಬಬಹುದಾ?” ಎಂದ ಲಿಫ್ಟಣ್ಣ.

“ನಿಮ್ಮ ಲಿಫ್ಟುಗಳನ್ನ ನಂಬಬಹುದಾ?”

“ನಾನು ನೋಡ್ಕೊಳ್ಳೋ ತನಕ ನಂಬಬಹುದು.”

“ಇದೂ ಹಾಗೇನೇ.”

“ದಾರೀಲಿ ನಿಂತ್ಬಿಟ್ರೆ?”

“ನಿಂತ್ರೆ ಫೋನ್ ಮಾಡಿ,” ಎಂದು ಗ್ಯಾರೇಜಮ್ಮ ಕೈ ಒರೆಸಿಕೊಂಡಳು.

ಲಿಫ್ಟಣ್ಣನಿಗೆ ಆ ಮಾತು ಹಿಡಿಸಲಿಲ್ಲ. ಫೋನು ಬರುವುದು ತನಗೆ. ತಾನು ಇನ್ನೊಬ್ಬರಿಗೆ ಫೋನು ಮಾಡಿ ಬಾ ಎನ್ನುವುದೆಂದರೆ ಅವನ ಲೆಕ್ಕದಲ್ಲಿ ಮಾನ ಹೋದ ಹಾಗೆ. ಅವನು ಹುಡುಕುತ್ತಿದ್ದುದು ಎಂದೂ ನಿಲ್ಲದ ಕಾರನ್ನು. ಅಂಥದೊಂದು ಕಾರು ಭೂಮಿಯ ಮೇಲಿಲ್ಲ ಎಂದು ಕೆಟ್ಟು ನಿಂತ ಯಂತ್ರಗಳಿಂದಲೇ ಹೊಟ್ಟೆ ಹೊರೆದ ಮನುಷ್ಯನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಬಯಕೆ ಬಂದಾಗ ಬುದ್ಧಿ ರಜೆ ಹಾಕುತ್ತದೆ.

ಆದರೂ ಹೆಂಡತಿಯ ಒತ್ತಾಯಕ್ಕೆ ಊರ ಹೊರಗಿನ ರಸ್ತೆಗೆ ಕಾರು ತಿರುಗಿಸಿದ. ಚಾವಣಿ ಮಡಚಿಕೊಂಡು ಹಿಂದಕ್ಕೆ ಹೋಯಿತು, ಆಕಾಶ ತಲೆಯ ಮೇಲೆ ಬಂತು. ಮೊದಲ ತಿರುವಿನಲ್ಲಿ ಲಿಫ್ಟಣ್ಣ ಹಲ್ಲು ಕಚ್ಚಿ ಹಿಡಿದಿದ್ದ. ಎರಡನೆಯದರಲ್ಲಿ ಹಲ್ಲು ಸಡಿಲವಾಯಿತು. ಮೂರನೆಯದರಲ್ಲಿ ಕಾರು ನೆಲಕ್ಕಂಟಿಕೊಂಡು ಸರ್ರನೆ ತಿರುಗಿದಾಗ ಅವನ ಗಂಟಲಿನಿಂದ ಒಂದು ಕೂಗು ಹೊರಬಿತ್ತು. ಅದು ತನ್ನದೇ ಎಂದು ಅವನಿಗೆ ತಿಳಿದದ್ದು ಹೆಂಡತಿ ಬಿದ್ದು ಬಿದ್ದು ನಗಲು ಶುರುಮಾಡಿದ ಮೇಲೆ. ಅವಳ ಕೂದಲೆಲ್ಲ ಕೆದರಿ ಬಾಯಿಗೆ ಬಂದಿತ್ತು. ಮದುವೆಯಾದ ಹೊಸತರಲ್ಲಿ ಅವಳು ಹೀಗೇ ನಗುತ್ತಿದ್ದಳು. ಅಷ್ಟು ಸುಖ ಅವನಿಗೆ ಬಹಳ ಕಾಲದಿಂದ ಆಗಿರಲಿಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ವಾಪಸು ಬರುವಾಗ ಊರೊಳಗಿನ ಸೇತುವೆಯ ಮೇಲೆ ವಾಹನಗಳ ಸಾಲು. ಸೇತುವೆಯ ಆಚೆ ರಸ್ತೆ ಅಗೆದು ಒಂದೇ ಬದಿ ಬಿಟ್ಟಿದ್ದರು. ಬಸ್ಸು, ಲಾರಿ, ಸ್ಕೂಟರು ಎಲ್ಲ ಆಮೆಯ ಹಾಗೆ ತೆವಳುತ್ತಿದ್ದವು. ಹೆಂಡತಿ ಏನೋ ಹೇಳುತ್ತಿದ್ದಳು, ಮುಂದಿನ ಭಾನುವಾರ ಎಲ್ಲಿಗೆ ಹೋಗಬಹುದು ಎಂದು. ಲಿಫ್ಟಣ್ಣನ ಕಿವಿ ಮಾತ್ರ ಅವಳ ಕಡೆಗಿತ್ತು, ಕಣ್ಣು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಮಧ್ಯದಲ್ಲಿತ್ತು. ಆಮೇಲೆ ಮಧ್ಯ ದಾಟಿತು. ಆಮೇಲೆ ಇನ್ನೂ ಒಂದಿಷ್ಟು.

ಕೈ ತಾನಾಗಿ ಹೋಯಿತು. ಕೀ ತಿರುಗಿತು. ಎಂಜಿನ್ ಸುಮ್ಮನಾಯಿತು.

ಬಿಸಿಯಲ್ಲಿ ಆಫ್ ಮಾಡಿದರೆ ತಕ್ಷಣ ಹತ್ತುವುದಿಲ್ಲ ಎಂದು ಗ್ಯಾರೇಜಮ್ಮ ಹೇಳಿದ್ದು ಅವನಿಗೆ ನೆನಪಾದದ್ದು ಆಫ್ ಮಾಡಿದ ಮೇಲೆ. ಮತ್ತೆ ಕೀ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ ಟಕ್. ಮುಂದಿನ ಬಸ್ಸು ಹೊರಟುಹೋಯಿತು, ಹಿಂದಿನವರೆಲ್ಲ ಒಟ್ಟಿಗೆ ಹಾರ್ನ್ ಒತ್ತಿದರು. ಮಾಡಿದ್ದುಣ್ಣೋ ಮಹರಾಯ! ಊರಿನ ಅತಿ ನಂಬಿಕಸ್ಥ ಮನುಷ್ಯ ಸೇತುವೆಯ ನಟ್ಟನಡುವೆ, ಎಲ್ಲರ ಕಣ್ಣಿಗೆ ಹೊಡೆಯುವಂಥ ಕೆಂಪು ಕಾರಿನಲ್ಲಿ, ಚಾವಣಿಯೂ ಇಲ್ಲದೆ ಸಿಕ್ಕಿಹಾಕಿಕೊಂಡು ಕೂತಿದ್ದ.

ಸ್ಕೂಟರಿನವರಿಬ್ಬರು ಇಳಿದು ಬಂದು ಕಾರನ್ನು ಬದಿಗೆ ತಳ್ಳಿಕೊಟ್ಟರು. “ಚೆನ್ನಾಗಿದೆ ಗಾಡಿ!” ಎಂದು ಹೇಳಿ ಹೋದರು. ಲಿಫ್ಟಣ್ಣ ಬೆವರು ಒರೆಸಿಕೊಂಡು, ಮಾನ ಬಿಟ್ಟು, ಗ್ಯಾರೇಜಮ್ಮನಿಗೆ ಫೋನು ಮಾಡಿದ.

“ಆಫ್ ಮಾಡಿದ್ದು ಯಾರು?” ಎಂದಳು ಅವಳು.

“ನಾನೇ.”

“ಯಾಕೆ?”

“ಮುಳ್ಳು ಮೇಲೆ ಹೋಯ್ತು. ಅನುಮಾನ ಬಂತು.”

“ಎಷ್ಟು ಮೇಲೆ? ಕೆಂಪು ಗೆರೆ ಮುಟ್ಟಿತ್ತಾ?”

“ಇಲ್ಲ. ಮಧ್ಯ ದಾಟಿ ಒಂದು ಚೂರು.”

ಗ್ಯಾರೇಜಮ್ಮ ನಿಟ್ಟುಸಿರು ಬಿಟ್ಟದ್ದು ಪಕ್ಕದ ಸೀಟಿನವರೆಗೂ ಕೇಳಿಸಿತು. “ಅಯ್ಯೋ, ಅದರ ಫ್ಯಾನು ತಿರುಗೋದೇ ಅಲ್ಲಿಗೆ ಬಂದ್ಮೇಲೆ! ಇನ್ನೊಂದು ಚೂರು ಬಿಟ್ಟಿದ್ರೆ ತಾನಾಗಿ ತಿರುಗಿ ತಣ್ಣಗೆ ಮಾಡ್ತಿತ್ತು.”

“ತಿರುಗದೇ ಹೋಗಿದ್ರೆ?”

“ಆಗ ಆಫ್ ಮಾಡಿ, ಯಾರು ಬೇಡ ಅಂದ್ರು? ತಿರುಗುತ್ತೋ ಇಲ್ವೋ ನೋಡೋಕಾದ್ರೂ ಬಿಡಬೇಕಲ್ಲ ಸ್ವಾಮಿ! ಈಗ ಸುಮ್ನೆ ಕೂತ್ಕೊಳ್ಳಿ. ತಣ್ಣಗಾಗಲಿ.”

ಫೋನು ಇಟ್ಟ ಲಿಫ್ಟಣ್ಣನ ಮುಖದಲ್ಲಿ ಒಂದು ನಿರಾಳ ಬಂದದ್ದನ್ನು ಹೆಂಡತಿ ನೋಡಿದಳು. ಹೌದು, ನಿರಾಳ. ದೋಷ ಸಿಕ್ಕಿತ್ತಲ್ಲ. ಇನ್ನು ಮೀನಮೇಷ ಎಣಿಸುವ ಕಷ್ಟವಿಲ್ಲ. “ನೋಡಿದ್ಯಾ? ನಾನು ಹೇಳ್ಲಿಲ್ವಾ, ನಂಬೋ ಹಾಗಿಲ್ಲ ಅಂತ? ನಾಳೆ ನಿನ್ನ ತಮ್ಮನಿಗೆ ಹೂಂ ಅಂದ್ಬಿಡು. ಬಿಳಿ ಕಾರೇ ಇರಲಿ,” ಎಂದ.

ಹೆಂಡತಿ ಕೆದರಿದ ಕೂದಲನ್ನು ಕಟ್ಟಿಕೊಳ್ಳುತ್ತಿದ್ದವಳು ಕೈ ಕೆಳಗಿಳಿಸಿದಳು.

“ಕಾರು ಕೆಟ್ಟು ನಿಲ್ಲಲಿಲ್ಲ ರೀ. ನೀವು ನಿಲ್ಲಿಸಿದ್ರಿ.”

“ಅನುಮಾನ ಬಂದ್ರೆ...”

“ಗೊತ್ತು. ಮೇನ್ ಆಫ್. ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಿಮ್ಮ ಕೆಲಸದಲ್ಲಿ ಅದು ಸರಿ, ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಆದ್ರೆ ಮನೇಲಿ ಎಷ್ಟು ಸಲ ಆಫ್ ಮಾಡಿದ್ದೀರಿ ಲೆಕ್ಕ ಇಟ್ಟಿದ್ದೀರಾ? ಸಮುದ್ರ ನೋಡೋಕೆ ಹೋಗೋಣ ಅಂತ ಬ್ಯಾಗು ಕಟ್ಟಿದ್ದೆ. ಮೋಡ ನೋಡಿ ಬೇಡ ಅಂದ್ರಿ. ಅವತ್ತು ಒಂದು ಹನಿ ಬೀಳಲಿಲ್ಲ. ನಾಲ್ಕು ದಾರಿ ಕೂಡೋ ಮೂಲೇಲಿ ಆ ಅಂಗಡಿ ಸಿಕ್ಕಿತ್ತು. ಮುಂದೆ ಅಷ್ಟಗಲ ಗಾಜು, ಒಳಗೆ ನಾಲ್ಕು ಮಿಷನ್ ಹಾಕೋ ಜಾಗ. ನಾನು ಪರದೆ ಬಟ್ಟೆ ಕೂಡ ಆರಿಸಿದ್ದೆ. ‘ಗಿರಾಕಿ ಬರದೇ ಹೋದ್ರೆ?’ ಅಂದ್ರಿ. ಅಷ್ಟೇ. ನಾನೂ ಸುಮ್ಮನಾದೆ. ಇವತ್ತಿಗೂ ಆ ಕತ್ತಲೆ ಗೂಡಲ್ಲಿ ದೀಪ ಹಾಕ್ಕೊಂಡು ಹೊಲೀತಿದ್ದೀನಿ.”

ಅವಳ ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ನಿಮ್ಮನ್ನ ಊರೆಲ್ಲಾ ನಂಬುತ್ತೆ. ನಂಗೂ ಹೆಮ್ಮೆ. ಆದ್ರೆ ನಿಮ್ಮ ಜೊತೆ ಎಲ್ಲಿಗಾದ್ರೂ ಹೊರಟ್ರೆ ತಲುಪ್ತೀವಿ ಅನ್ನೋ ನಂಬಿಕೆ ನಂಗಿಲ್ಲ.”

ಬಾಗಿಲ ಸಂದಿಯಲ್ಲಿ ಬಾಯಿಟ್ಟು ಗುರುತಿಲ್ಲದವರಿಗೆಲ್ಲ ಸಮಾಧಾನ ಹೇಳಬಲ್ಲ ಮನುಷ್ಯನಿಗೆ ಪಕ್ಕದಲ್ಲಿ ಕೂತ ಹೆಂಡತಿಗೆ ಹೇಳಲು ಒಂದು ಮಾತೂ ಸಿಗಲಿಲ್ಲ. ಅವನಿಗೆ ನಾಚಿಕೆಯಾಯಿತು. ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡುವ ಜನರ ಮುಂದೆ ಆಗುವ ನಾಚಿಕೆ ಅಲ್ಲ, ಅದಕ್ಕಿಂತ ಆಳದ್ದು. ಅಂಗಡಿಯ ವಿಷಯವನ್ನು ಅವನು ಮರೆತೇಬಿಟ್ಟಿದ್ದ. ಅವಳು ಮರೆತಿರಲಿಲ್ಲ, ಹೇಳಿರಲಿಲ್ಲ ಅಷ್ಟೇ.

ಸೇತುವೆಯ ಕೆಳಗೆ ನದಿ ಹರಿಯುತ್ತಿತ್ತು. ಗಾಳಿ ಬಂತು. ಕೈಚೀಲ ಹಿಡಿದ ವಯಸ್ಸಾದವರೊಬ್ಬರು ನಿಂತು, ತಮ್ಮ ಯೌವನದಲ್ಲಿ ಇಂಥದೇ ಕಾರು ಓಡಿಸಬೇಕೆಂದುಕೊಂಡದ್ದು, ಆಮೇಲೆ ಅದು ಇದು ಅಂತ ಆಗದೇ ಹೋದದ್ದನ್ನು ಹೇಳಿದರು. ಒಬ್ಬಾಕೆ ಕಾರಿನ ಮುಂದೆ ಮಗುವನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡಳು. ಟ್ರಾಫಿಕ್ ಪೊಲೀಸಿನವನು ಬಂದು, “ಕೆಟ್ಟು ನಿಂತಿದೆಯಾ? ಬದೀಲೇ ಇದೀರಲ್ಲ, ಪರವಾಗಿಲ್ಲ, ಕೂತಿರಿ,” ಎಂದು ಹೋದ.

ಲಿಫ್ಟಣ್ಣ ಇದನ್ನೆಲ್ಲ ಬೆರಗಿನಿಂದ ನೋಡುತ್ತಿದ್ದ. ಅವನು ಇಷ್ಟು ವರ್ಷ ಹೆದರಿದ್ದು ಇದಕ್ಕೇ ಅಲ್ಲವೇ? ದಾರಿಯಲ್ಲಿ ನಿಂತುಬಿಟ್ಟರೆ ಎಂದು. ಈಗ ನಿಂತಿತ್ತು. ಕೊಳ್ಳುವ ಮೊದಲೇ, ಊರಿನ ನಡುಮಧ್ಯದಲ್ಲೇ, ಇದಕ್ಕಿಂತ ಕೆಟ್ಟದಾಗಿ ನಿಲ್ಲಲು ಸಾಧ್ಯವೇ ಇಲ್ಲದ ಹಾಗೆ ನಿಂತಿತ್ತು. ಆಗಿದ್ದು ಇಷ್ಟೇ. ಆಕಾಶ ಬೀಳಲಿಲ್ಲ. ಕಾರಿಗಿಂತ ದೊಡ್ಡವು ಏನೇನೋ ಇಷ್ಟು ವರ್ಷಗಳಲ್ಲಿ ತನ್ನ ಕೈಯಿಂದ ಆಫ್ ಆಗಿಹೋಗಿವೆ ಎಂಬುದು ಮಾತ್ರ ಅವನ ಎದೆಗೆ ನಾಟಿತು.

ಅವನು ಕೀ ಕಿತ್ತು ಹೆಂಡತಿಯ ಕೈಗಿಟ್ಟ.

“ನೀನು ಓಡಿಸು.”

“ನಾನಾ?”

“ನೀನೇ. ವ್ಯಾನು ಓಡಿಸಲ್ವಾ? ಈ ಕಾರನ್ನ ನಂಬಬಹುದು ಅಂತ ಕಾಣುತ್ತೆ. ನನ್ನ ಕೈಯನ್ನ ನಂಬೋ ಹಾಗಿಲ್ಲ.”

ಇಬ್ಬರೂ ಇಳಿದು ಸೀಟು ಬದಲಾಯಿಸಿದರು. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ತನ್ನ ಎತ್ತರಕ್ಕೆ ತಿರುಗಿಸಿದಳು, ಕೀ ಹಾಕಿದಳು. ಕಾರು ತಣ್ಣಗಾಗಿತ್ತು. ಏನೂ ಆಗೇ ಇಲ್ಲವೆಂಬ ಹಾಗೆ ಗುಟುರು ಹಾಕಿ ಎದ್ದಿತು. ವಾಹನಗಳ ಸಾಲಿನೊಳಗೆ ಅವಳು ಬೆದರದೆ ಮೂತಿ ತೂರಿಸಿ ಜಾಗ ಮಾಡಿಕೊಂಡಳು. ದಿನಾ ವ್ಯಾನು ತೂರಿಸಿ ಅಭ್ಯಾಸ.

ಸಾಲು ಇನ್ನೂ ಕರಗಿರಲಿಲ್ಲ. ಒಂದಿಷ್ಟು ಉರುಳುವುದು, ನಿಲ್ಲುವುದು, ಮತ್ತೆ ಉರುಳುವುದು. ಮುಳ್ಳು ಮಧ್ಯಕ್ಕೆ ಬಂತು. ಲಿಫ್ಟಣ್ಣ ಬೇರೆ ಕಡೆ ನೋಡಲು ಪ್ರಯತ್ನಪಟ್ಟ, ಆಗಲಿಲ್ಲ. ಮುಳ್ಳು ಮಧ್ಯ ದಾಟಿತು. ಅವನ ಬೆರಳುಗಳು ತುಡಿದವು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತ.

“ಮೇಲೆ ಹೋಗ್ತಿದೆ,” ಎಂದ.

“ನೋಡ್ತಿದ್ದೀನಿ.”

“ಮುಂಚೆ ಆಫ್ ಮಾಡಿದ್ದು ಇಲ್ಲೇ.”

“ಹೂಂ.”

ಮುಳ್ಳು ಆ ಜಾಗವನ್ನೂ ದಾಟಿತು. ಕೂದಲೆಳೆಯಷ್ಟು. ಹೆಂಡತಿಯ ಕೈ ಸ್ಟಿಯರಿಂಗಿನ ಮೇಲೆ ಅಲುಗದೆ ಕೂತಿತ್ತು. ಆಗ ಬಾನೆಟ್ಟಿನ ಒಳಗಿನಿಂದ ಗುಂಯ್ಯೆಂದು ಒಂದು ಸದ್ದು ಎದ್ದಿತು. ಫ್ಯಾನು ತಿರುಗಿತ್ತು. ತಾನಾಗಿ, ಯಾರೂ ಹೇಳದೆ. ಮುಳ್ಳು ಒಂದು ಕ್ಷಣ ಅಲ್ಲೇ ನಿಂತು, ನಿಧಾನವಾಗಿ ತನ್ನ ಜಾಗಕ್ಕೆ ಇಳಿಯಿತು.

ಲಿಫ್ಟಣ್ಣ ನಗಲು ಹೋದ, ಕಣ್ಣಲ್ಲಿ ನೀರು ಬಂತು. ಹೆಂಡತಿ ನೋಡಿಯೂ ನೋಡದ ಹಾಗೆ ಮುಂದಿನ ಲಾರಿಯ ಮೇಲೆ ಕಣ್ಣಿಟ್ಟಳು.

ಅವನು ತೊಡೆಯ ಕೆಳಗಿನ ಕೈ ತೆಗೆದು ಫೋನು ಹಿಡಿದ. ಮೊದಲು ಡಾಕ್ಟರಮ್ಮನಿಗೆ ಹೇಳಿದ, ಕಾರು ನಮಗೇ ಇರಲಿ ಎಂದು. ಮಧ್ಯದಲ್ಲಿ ಒಂದು ಸಲ ನಿಂತಿತ್ತು ಎಂದೂ ಹೇಳಿದ. ಅವರು ಗಾಬರಿಯಾದರು. “ಕಾರಿನ ತಪ್ಪಲ್ಲ ಡಾಕ್ಟರಮ್ಮ, ಓಡಿಸಿದವನದು,” ಎಂದ. ಆಮೇಲೆ ಬಾಮೈದನಿಗೆ ಉಹೂಂ ಹೇಳಿದ. ಬಾಮೈದ ಆ ಕಡೆಯಿಂದ ವಾರಂಟಿ, ವಾರಂಟಿ ಎಂದು ಕೂಗುತ್ತಿದ್ದುದು ಲಾರಿಯ ಸದ್ದಿನಲ್ಲಿ ಮುಚ್ಚಿಹೋಯಿತು.

ಸೇತುವೆ ಮುಗಿಯಿತು. ಅಗೆದ ರಸ್ತೆಯ ಪಕ್ಕದಲ್ಲಿ ಕಾರು ಮೆಲ್ಲಗೆ ಸಾಗಿತು. ಲಿಫ್ಟಣ್ಣ ಕಡೆಗೆ ಕೇಳಿಯೇ ಬಿಟ್ಟ.

“ಆ ಮೂಲೆ ಅಂಗಡಿ. ಗಾಜಿಂದು. ಇನ್ನೂ ಖಾಲಿ ಇದೆಯಾ?”

“ಇಲ್ಲ ರೀ. ಯಾವತ್ತೋ ಹೋಯ್ತು. ಈಗ ಅಲ್ಲಿ ಚಪ್ಪಲಿ ಮಾರ್ತಾರೆ.”

ಅವನು ತಲೆ ತಗ್ಗಿಸಿದ. ಅವಳು ಕ್ಲಚ್ ಒತ್ತಿ, ಬಿಗುಮಾನದ ಎರಡನೇ ಗೇರನ್ನು ಮೆತ್ತಗೆ ಹಾಕಿದಳು.

“ಬೇರೆ ಹುಡುಕೋಣ. ನಾಳೆ ಮಧ್ಯಾಹ್ನ ಬಿಡುವಿದೆಯಾ ನಿಮಗೆ?” ಎಂದಳು.

“ಇದೆ,” ಎಂದ ಲಿಫ್ಟಣ್ಣ.